ಮೊದಲು ಹಾಡು ಹೊರಗೆ, ಆಮೇಲೆ ಸೆಲ್ ಒಳಗೆ

ಗಣೇಶನ ಹಬ್ಬ ಹತ್ತಿರ ಬಂದರೆ ಬೆಳಗಾವಿ ಶಹಾಪುರದ ನನ್ನ ಅಂಗಡಿಗೆ ಎರಡು ಥರದ ಜನ ಬರುತ್ತಾರೆ. ತಾಳ ಬಾರಿಸುವ ಎಲೆಕ್ಟ್ರಾನಿಕ್ ಪ್ಯಾಡ್ ಒಡೆದುಕೊಂಡವರು, ಮಷಿನ್ ಒಳಗೆ ಹಾಕಿಟ್ಟ ಹಾಡು ಕಳೆದುಕೊಂಡವರು. ಪ್ಯಾಡ್ ರಿಪೇರಿ ಆಗುತ್ತದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎರಡನೇ ಥರದವರದ್ದೇ. ಒಳಗಿನ ಸೆಲ್ ಬದಲಿಸುವ ಮೊದಲು ಹಾಡು ಹೊರಗೆ ತೆಗೆದಿಡಿ ಅಂತ ಹೋದ ವರ್ಷ ಎರಡು ಸಲ ಬರೆದಿದ್ದೆ. ಯಾರೂ ಓದಿದಂತೆ ಕಾಣಲಿಲ್ಲ. ಇನ್ನೊಂದು ಸಲ ಬರೆಯುತ್ತೇನೆ. ಸೋಲ್ಡರಿಂಗ್ ಹೇಗೆ ಮಾಡಬೇಕು, ಮಲ್ಟಿಮೀಟರ್ ಹೇಗೆ ಹಿಡಿಯಬೇಕು ಅಂತ ಮಾತ್ರ ಕೇಳಬೇಡಿ. ಅದು ಗೊತ್ತಿಲ್ಲದವರು ಮಷಿನ್ ಬಿಚ್ಚಬಾರದು, ಅಷ್ಟೇ.

ಪ್ರಶ್ನೆ: ನಮ್ಮ ಕಾಕಾ ಮದುವೆ, ಜಾತ್ರೆಗೆ ಆರ್ಕೆಸ್ಟ್ರಾ ನಡೆಸುತ್ತಿದ್ದರು. ಅವರ ಯಮಹಾ ಕ್ಯೂವೈ70 (ಹಾಡಿನ ಟ್ರ್ಯಾಕ್ ಹಾಕಿಟ್ಟು ನುಡಿಸುವ ಸಣ್ಣ ಸೀಕ್ವೆನ್ಸರ್ ಮಷಿನ್) ಈಗ ನನ್ನ ಹತ್ತಿರ ಇದೆ. ಅದರಲ್ಲಿ ಅವರೇ ಹಾಕಿದ ಹನ್ನೆರಡು ಹಾಡಿನ ಟ್ರ್ಯಾಕ್ ಇವೆ. ಈಗ ಆನ್ ಮಾಡಿದಾಗ ಬ್ಯಾಕಪ್ ಬ್ಯಾಟರಿ ಕಡಿಮೆ ಆಗಿದೆ ಅಂತ ತೋರಿಸುತ್ತದೆ. ಊರಲ್ಲಿ ಒಬ್ಬರಿಗೆ ತೋರಿಸಿದೆ. "ಮೆಮರಿ ಐಸಿ ಹೋಗೇತ್ರಿ, ನಾಕೂವರಿ ಸಾವಿರ ಆಗತೈತಿ" ಅಂದರು. ಸೆಲ್ ನಾನೇ ಬದಲಿಸಬಹುದಾ? ಹಾಡು ಉಳಿಯುತ್ತವಾ? — ಅಥಣಿಯ ಓದುಗರು

ಉತ್ತರ: ಮೊದಲನೇ ಮಾತು. ಆ ನಾಲ್ಕೂವರೆ ಸಾವಿರ ಜೇಬಿನಲ್ಲೇ ಇರಲಿ. ಐಸಿ, ಅಂದರೆ ಹಾಡು ಇಟ್ಟುಕೊಳ್ಳುವ ಚಿಪ್, ಹೋಗಿದ್ದರೆ ಹನ್ನೆರಡು ಹಾಡು ಇವತ್ತೂ ಹೇಗೆ ನುಡಿಯುತ್ತವೆ? ಅವರನ್ನೇ ಕೇಳಿ ನೋಡಿ. ಹೋಗುತ್ತಿರುವುದು ಎರಡು ಪ್ಲೇಟ್ ಗಿರ್ಮಿಟ್ ದುಡ್ಡಿನ ಬಟನ್ ಸೆಲ್.

ಈ ಮಷಿನ್‌ನಲ್ಲಿ ಎರಡು ಥರದ ನೆನಪು ಇರುತ್ತದೆ. ಯಮಹಾದವರು ಕಾರ್ಖಾನೆಯಲ್ಲೇ ಹಾಕಿ ಕಳಿಸಿದ ವಾಯ್ಸ್ (ವಾದ್ಯಗಳ ದನಿ), ರೆಡಿಮೇಡ್ ಸ್ಟೈಲ್‌ಗಳು ರಾಮ್ ಅಲ್ಲ, ರೋಮ್‌ನಲ್ಲಿವೆ. ಸೆಲ್ ಸತ್ತರೂ ಅವು ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಕಾಕಾ ಹಾಕಿದ ಹಾಡು ಮಾತ್ರ ರಾಮ್‌ನಲ್ಲಿವೆ. ಕರೆಂಟ್ ತಪ್ಪಿದರೆ ರಾಮ್ ಎಲ್ಲ ಮರೆಯುತ್ತದೆ. ಮಷಿನ್ ಆಫ್ ಇದ್ದಾಗಲೂ ಅದಕ್ಕೆ ತೊಟ್ಟು ತೊಟ್ಟು ಕರೆಂಟ್ ಕೊಡುವುದು ಈ ಒಳಗಿನ ಸೆಲ್. ಹಿಂದೆ ಹಾಕುವ ಪೆನ್ಸಿಲ್ ಸೆಲ್ ಬೇರೆ, ಇದು ಬೇರೆ. ಪೆನ್ಸಿಲ್ ಸೆಲ್ ಹೊಸದು ಹಾಕಿದೆ, ಆದರೂ ಬ್ಯಾಟರಿ ಲೋ ಅನ್ನುತ್ತದೆ ಅಂತ ತಿಂಗಳಿಗೆ ನಾಲ್ಕು ಜನ ಬರೆಯುತ್ತಾರೆ.

ಇಷ್ಟು ವರ್ಷ ಹೇಗೆ ಬಂತು ಅಂತ ಲೆಕ್ಕ ಹಾಕಿ. ಒಂದು ಸಿಆರ್2032 ಸೆಲ್‌ನಲ್ಲಿ ಸುಮಾರು 220 ಮಿಲಿಆಂಪ್ ಅವರ್ ಇರುತ್ತದೆ. ರಾಮ್ ಎರಡೂವರೆ ಮೈಕ್ರೋಆಂಪ್ ಕುಡಿಯುತ್ತದೆ ಅಂತ ಇಟ್ಟುಕೊಳ್ಳಿ. 88,000 ಗಂಟೆ, ಅಂದರೆ ಹತ್ತು ವರ್ಷ. ಅದಕ್ಕಿಂತ ಕಡಿಮೆ ಕುಡಿದರೆ ಇನ್ನೂ ಜಾಸ್ತಿ. ವಿಡಿಯೋ ಕ್ಯಾಸೆಟ್ ಅಳತೆಯ ಕ್ಯೂವೈ10 ಬಂದಿದ್ದು 1990ರಲ್ಲಿ, ನಿಮ್ಮ ಕ್ಯೂವೈ70 ಬಂದಿದ್ದು 1997ರಲ್ಲಿ. ಮೊದಲನೇ ಸೆಲ್ಲೇ ಇನ್ನೂ ಒಳಗೆ ಕೂತಿದ್ದರೆ ಅದಕ್ಕೆ ಕೈ ಮುಗಿಯಬೇಕು.

ಈಗ ಕೆಲಸಕ್ಕೆ ಬರೋಣ. ಸ್ಕ್ರೂಡ್ರೈವರ್ ಕೆಳಗಿಡಿ. ಮೊದಲು ಹಾಡು ಹೊರಗೆ ತೆಗೆಯಬೇಕು. ಅಡಾಪ್ಟರ್ ಹಚ್ಚಿ, ಮಷಿನ್ ಆನ್ ಮಾಡಿ, ಕೆಲಸ ಮುಗಿಯುವ ತನಕ ಆಫ್ ಮಾಡಬೇಡಿ. ನಮ್ಮ ಕಡೆ ಲೈಟ್ ಯಾವಾಗ ಹೋಗುತ್ತದೆ ಅಂತ ಹೇಳೋಕಾಗಲ್ಲ, ಅದಕ್ಕೆ ಹೊಸ ಪೆನ್ಸಿಲ್ ಸೆಲ್ಲೂ ಒಳಗೆ ಇರಲಿ. ಮಿಡಿ ಅಂದರೆ ವಾದ್ಯದ ಮಷಿನ್, ಕಂಪ್ಯೂಟರ್ ಒಂದಕ್ಕೊಂದು ಮಾತಾಡುವ ಭಾಷೆ. ಮಷಿನ್‌ನ ಮಿಡಿ ಔಟ್‌ನಿಂದ ಕಂಪ್ಯೂಟರಿಗೆ ಇಂಟರ್‌ಫೇಸ್ ಮೂಲಕ ಕೇಬಲ್ ಹಾಕಿ. ಕಂಪ್ಯೂಟರಿನಲ್ಲಿ ಮಿಡಿ-ಆಕ್ಸ್ ಥರದ, ಸಿಸ್ಟಮ್ ಎಕ್ಸ್‌ಕ್ಲೂಸಿವ್ (ಆಯಾ ಕಂಪನಿಯ ಮಷಿನ್ ತನ್ನದೇ ರೀತಿಯಲ್ಲಿ ಕಳಿಸುವ ಮಿಡಿ ಸಂದೇಶ) ಹಿಡಿಯುವ ಪ್ರೋಗ್ರಾಂ ತೆರೆದು ಕಾಯುತ್ತಿರಲಿ. ಆಮೇಲೆ ಮಷಿನ್‌ನ ಯುಟಿಲಿಟಿ ಒಳಗೆ ಹೋಗಿ ಬಲ್ಕ್ ಡಂಪ್ ಒತ್ತಿ. ಒಳಗಿನ ಹಾಡೆಲ್ಲ ಒಮ್ಮೆಗೇ ಹೊರಗೆ ಸುರಿಯುವುದಕ್ಕೇ ಡಂಪ್ ಅನ್ನುತ್ತಾರೆ.

ಇಲ್ಲಿ ಎಲ್ಲರೂ ಎಡವುತ್ತಾರೆ. ತೀರಾ ಅಗ್ಗದ ಯುಎಸ್‌ಬಿ ಮಿಡಿ ಕೇಬಲ್‌ಗಳಲ್ಲಿ ನೋಟ್ ಚೆನ್ನಾಗಿ ಹೋಗುತ್ತವೆ. ಉದ್ದನೆಯ ಡಂಪ್ ಬಂದರೆ ಮಧ್ಯೆ ಮಧ್ಯೆ ನುಂಗಿಬಿಡುತ್ತವೆ. ಯಾವ ಸೂಚನೆಯೂ ಬರುವುದಿಲ್ಲ. ಫೈಲ್ ಸೇವ್ ಆಯಿತು ಅಂತ ನೀವು ಖುಷಿಯಾಗಿರುತ್ತೀರಿ. ಅದಕ್ಕೆ ಡಂಪ್ ಎರಡು ಸಲ ತೆಗೆಯಿರಿ. ಎರಡೂ ಫೈಲ್‌ನ ಅಳತೆ ಒಂದು ಬೈಟ್ ಕೂಡ ವ್ಯತ್ಯಾಸ ಇರಬಾರದು. ಹೆಕ್ಸ್ ಎಡಿಟರ್ (ಫೈಲ್‌ನ ಬೈಟ್‌ಗಳನ್ನು ಹಾಗೇ ತೋರಿಸುವ ಪ್ರೋಗ್ರಾಂ) ಒಳಗೆ ತೆರೆದರೆ ಫೈಲ್ ಎಫ್0 43 ಅಂತ ಶುರುವಾಗಿ ಎಫ್7 ಅಂತ ಮುಗಿಯಬೇಕು. ಆ 43 ಯಮಹಾದ ಗುರುತು. ಸಮಯವನ್ನೂ ನೋಡಿ. ಮಿಡಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 3,125 ಬೈಟ್ ಹೋಗುತ್ತವೆ. 64 ಕಿಲೋಬೈಟ್ ಇದ್ದರೆ ಇಪ್ಪತ್ತು ಸೆಕೆಂಡಿನ ಮೇಲೆ ಬೇಕು. ಎರಡೇ ಸೆಕೆಂಡಿನಲ್ಲಿ ಮುಗಿಯಿತು ಅಂದರೆ ಏನೂ ಬಂದಿಲ್ಲ ಅಂತ ಅರ್ಥ. ಫೈಲ್ ಸರಿ ಇದೆಯಾ ನೋಡೋಣ ಅಂತ ಅದನ್ನೇ ವಾಪಸ್ ಮಷಿನ್‌ಗೆ ಕಳಿಸಬೇಡಿ. ಹಾಳಾದ ಫೈಲ್ ಆಗಿದ್ದರೆ ಒಳಗಿನ ಒಳ್ಳೆಯದನ್ನೂ ಅಳಿಸಿ ಕೂರುತ್ತದೆ.

ಇಷ್ಟೆಲ್ಲ ಆದ ಮೇಲೂ ಹನ್ನೆರಡು ಹಾಡು ಒಂದೊಂದಾಗಿ ನುಡಿಸಿ ಮೊಬೈಲ್‌ನಲ್ಲಾದರೂ ರೆಕಾರ್ಡ್ ಮಾಡಿಕೊಳ್ಳಿ. ಸುಮ್ನೆ ಹೇಳುತ್ತಿಲ್ಲ. ಅಂಗಡಿ ಹಾಕಿದ ಹೊಸದರಲ್ಲಿ ಒಬ್ಬ ಮಾಸ್ತರರು ಇದೇ ಥರದ ಮಷಿನ್ ತಂದುಕೊಟ್ಟರು. ಸೆಲ್ ಬದಲಿಸುವುದು ಹತ್ತು ನಿಮಿಷದ ಕೆಲಸ ಅಂತ ಅವರ ಮುಂದೆಯೇ ಬಿಚ್ಚಿದೆ. ಡಂಪ್ ತೆಗೆಯುವುದು ನನ್ನ ತಲೆಗೇ ಬರಲಿಲ್ಲ. ಹೊಸ ಸೆಲ್ ಹಾಕಿ ಆನ್ ಮಾಡಿದರೆ ಎಲ್ಲ ಖಾಲಿ. ಎರಡು ಮಳೆಗಾಲ ಕೂತು ಹಾಕಿದ ತತ್ವಪದಗಳ ತಾಳ, ಸ್ವರ ಎಲ್ಲ ಅದರಲ್ಲಿದ್ದವು. ಅವರು ಬೈಯಲಿಲ್ಲ. "ಆತು ಬಿಡೋ ತಮ್ಮಾ, ಮತ್ತ ಹಾಕ್ತೀನಿ" ಅಂದು ದುಡ್ಡು ಕೊಟ್ಟು ಹೋದರು. ದುಡ್ಡು ಬೇಡ ಅಂದರೂ ಬಿಡಲಿಲ್ಲ. ಮತ್ತೆ ಅಂಗಡಿಗೆ ಬರಲೂ ಇಲ್ಲ. ಅವತ್ತಿನಿಂದ ಡಂಪ್ ಇಲ್ಲದ ಮಷಿನ್ ನನ್ನ ಟೇಬಲ್ ಮೇಲೆ ಬಿಚ್ಚುವುದಿಲ್ಲ. ಗಿರಾಕಿ ಎಷ್ಟು ಅವಸರ ಮಾಡಿದರೂ ಬಿಚ್ಚುವುದಿಲ್ಲ.

ಇನ್ನು ಸೆಲ್. ಅಡಾಪ್ಟರ್ ಕಿತ್ತು, ಪೆನ್ಸಿಲ್ ಸೆಲ್ ಹೊರಗೆ ತೆಗೆದು ಬಿಚ್ಚಿ. ಯಾವ ಸ್ಕ್ರೂ ಎಲ್ಲಿಂದ ಬಂತು ಅಂತ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಉದ್ದನೆಯದನ್ನು ಗಿಡ್ಡನೆಯದರ ಜಾಗಕ್ಕೆ ಹಾಕಿದರೆ ಹಳೇ ಪ್ಲಾಸ್ಟಿಕ್ ಟಕ್ ಅಂತ ಸೀಳುತ್ತದೆ. ಸೆಲ್ ಮೇಲೆ ಬರೆದ ನಂಬರ್ ಓದಿ, ಅದನ್ನೇ ತನ್ನಿ. ಸಿಆರ್2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2450 ಅಂದರೆ ಸುಮಾರು 24 ಅಗಲ, 5 ದಪ್ಪ. ಎರಡೂ 3 ವೋಲ್ಟೇ. ಹೊಸದು ಮೀಟರ್‌ನಲ್ಲಿ 3ರ ಮೇಲೆ ತೋರಿಸಬೇಕು. ಅಂಗಡಿಯಲ್ಲೇ ನೋಡಿ ತನ್ನಿ, ಧೂಳು ಹಿಡಿದ ಪ್ಯಾಕೆಟ್ ನಂಬಬೇಡಿ.

ಇಂಥ ಮಷಿನ್‌ಗಳಲ್ಲಿ ಸೆಲ್‌ಗೆ ಎರಡು ತಗಡಿನ ಕಾಲು ವೆಲ್ಡ್ ಮಾಡಿ ಬೋರ್ಡ್‌ಗೆ ಸೋಲ್ಡರ್ ಮಾಡಿರುತ್ತಾರೆ. ಎರಡೂ ಕಾಲು ಒಟ್ಟಿಗೆ ಕಾಯಿಸಿ ಮೀಟಲು ಹೋಗಬೇಡಿ. ಬೋರ್ಡ್‌ನ ತಾಮ್ರದ ಟ್ರ್ಯಾಕ್ ಎದ್ದು ಬರುತ್ತದೆ. ನಾನು ಮಾಡುವ ರೀತಿ ಹೀಗೆ. ಸಣ್ಣ ಕಟರ್‌ನಿಂದ ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಕತ್ತರಿಸಿ ಸೆಲ್ ಎತ್ತಿಬಿಡುತ್ತೇನೆ. ಕಟರ್ ಎರಡಕ್ಕೂ ಒಮ್ಮೆಗೇ ತಾಗಬಾರದು. ಆಮೇಲೆ ಬೋರ್ಡ್‌ನಲ್ಲಿ ಉಳಿದ ತುಂಡನ್ನು ಒಂದೊಂದಾಗಿ ಕಾಯಿಸಿ ತೆಗೆಯುತ್ತೇನೆ. ಮೈನಸ್ ಕಾಲು ದೊಡ್ಡ ಗ್ರೌಂಡ್ ತಾಮ್ರಕ್ಕೆ ಸೇರಿರುತ್ತದೆ, ಬೇಗ ಕಾಯುವುದಿಲ್ಲ. ಸಿಟ್ಟಿಗೆದ್ದು ಒತ್ತಬೇಡಿ. ಸ್ವಲ್ಪ ಹೊಸ ಸೋಲ್ಡರ್ ಮುಟ್ಟಿಸಿದರೆ ಶಾಖ ಇಳಿಯುತ್ತದೆ.

ಹೊಸ ಬರೀ ಸೆಲ್ ಮೇಲೆ ನೇರವಾಗಿ ಸೋಲ್ಡರ್ ಹಾಕುವ ಶೂರರೂ ಇದ್ದಾರೆ. ಲಿಥಿಯಂ ಸೆಲ್ ಕಾದರೆ ಸಿಡಿಯುತ್ತದೆ. ಕಣ್ಣಿನ ಮಟ್ಟದಲ್ಲೇ ಇರುತ್ತದೆ, ನೆನಪಿರಲಿ. ಕಾಲು ಇರುವ ಸೆಲ್ಲೇ ತನ್ನಿ, ಇಲ್ಲವೇ ಹೋಲ್ಡರ್ ಹಾಕಿ. ಹೋಲ್ಡರ್ ಹಾಕಿದರೆ ಮುಂದಿನ ಸಲ ಸೋಲ್ಡರ್ ಬೇಡ. ಆದರೆ ಅದು ಸೆಲ್‌ಗಿಂತ ಎತ್ತರ. ಮುಚ್ಚಳ ಹಾಕುವಾಗ ಮೇಲಿನ ಬೋರ್ಡ್‌ಗೆ ತಾಗುತ್ತದಾ ನೋಡಿ. ತಾಗುವಂತಿದ್ದರೆ ಎರಡು ವೈರ್ ಎಳೆದು ಖಾಲಿ ಜಾಗದಲ್ಲಿ ಅಂಟಿಸಿ. ಪ್ಲಸ್, ಮೈನಸ್ ಬೋರ್ಡ್ ಮೇಲೆ ಬರೆದಿರುತ್ತದೆ. ಸೆಲ್‌ನ ಅಗಲವಾದ, ಅಕ್ಷರ ಇರುವ ಮುಖ ಪ್ಲಸ್.

ಆನ್ ಮಾಡಿದಾಗ ಡಿಸ್‌ಪ್ಲೇ ಮೇಲೆ ಅಡ್ಡಾದಿಡ್ಡಿ ಅಕ್ಷರ ಬಂದರೆ ಗಾಬರಿ ಬೇಡ. ಖಾಲಿ ರಾಮ್‌ನಲ್ಲಿ ಕಸ ತುಂಬಿರುತ್ತದೆ. ಮ್ಯಾನುವಲ್ ನೋಡಿ ಇನಿಷಿಯಲೈಸ್ ಮಾಡಿ, ಅಂದರೆ ರಾಮ್ ಒರೆಸಿ ಹೊಸದಾಗಿ ಶುರು ಮಾಡಿ. ಆಮೇಲೆ ಡಂಪ್ ಫೈಲ್ ವಾಪಸ್ ಕಳಿಸಿ. ಕಳಿಸುವ ಪ್ರೋಗ್ರಾಂನಲ್ಲಿ ಒಂದೊಂದು ಸಂದೇಶದ ನಡುವೆ ಸ್ವಲ್ಪ ತಡೆ ಇಡಿ. ಹಳೇ ಪ್ರೊಸೆಸರ್, ಒಮ್ಮೆಗೇ ಸುರಿದರೆ ನುಂಗಲಾರದು. ಆಮೇಲೆ ಅಡಾಪ್ಟರ್, ಪೆನ್ಸಿಲ್ ಸೆಲ್ ಎಲ್ಲ ತೆಗೆದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಡು ಇದ್ದರೆ ಕೆಲಸ ಆಯಿತು.

ಹಳೇ ಸೆಲ್‌ಗೆ ಎರಡೂ ಕಡೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಬಟನ್ ಸೆಲ್ ನುಂಗಿದ ಮಗುವಿನ ಅನ್ನನಾಳ ಎರಡೇ ಗಂಟೆಯಲ್ಲಿ ಸುಟ್ಟುಹೋಗಬಹುದು. ಸತ್ತ ಸೆಲ್ಲೂ ಅಪಾಯವೇ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ದೊಡ್ಡ ಆಸ್ಪತ್ರೆಗೆ ಓಡಿ.

ಪ್ರಶ್ನೆ: ಮಷಿನ್ ಆನ್ ಇಟ್ಟುಕೊಂಡೇ ಸೆಲ್ ಬದಲಿಸಿದರೆ ಹಾಡು ಹೋಗುವುದಿಲ್ಲ, ಡಂಪ್ ತಲೆನೋವು ಬೇಡ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಜವಾ? — ಮುಧೋಳ

ಉತ್ತರ: ನಿಜ. ಕರೆಂಟ್ ಬರುತ್ತಿದ್ದರೆ ರಾಮ್ ಮರೆಯುವುದಿಲ್ಲ. ಆದರೆ ವಿಡಿಯೋದವರ ಟೇಬಲ್ ಮೇಲೆ ಅರ್ಥಿಂಗ್ ಇರುವ ಸೋಲ್ಡರಿಂಗ್ ಸ್ಟೇಷನ್ ಇರುತ್ತದೆ. ನಿಮ್ಮದು ಎರಡು ಪಿನ್ನಿನ ಐರನ್ ಅಲ್ವಾ? ಅದರ ತುದಿಯಲ್ಲಿ ಲೀಕೇಜ್ ಇದ್ದರೆ ಆನ್ ಇರುವ ಬೋರ್ಡ್ ಮೂಲಕವೇ ಇಳಿಯುತ್ತದೆ. ಕೈ ಜಾರಿ ಶಾರ್ಟ್ ಆದರೆ ಅಥಣಿಯ ಐಸಿ ಕಥೆ ನಿಮ್ಮಲ್ಲಿ ನಿಜವಾಗುತ್ತದೆ. ನಾನು ಮಾಡುವುದಿಲ್ಲ. ಮಾಡಿ ಅಂತ ಹೇಳುವುದೂ ಇಲ್ಲ.

ಪ್ರಶ್ನೆ: ಪದೇ ಪದೇ ಬದಲಿಸುವ ಬದಲು ಚಾರ್ಜ್ ಆಗುವ ಎಲ್ಐಆರ್2032 ಹಾಕಬಹುದಾ? — ಜಮಖಂಡಿ

ಉತ್ತರ: ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಬದಲಿಸುವುದು "ಪದೇ ಪದೇ" ಹೇಗಾಯಿತು? ಬೇಡ. ಆ ಸೆಲ್ ತುಂಬಿದಾಗ 4.2 ವೋಲ್ಟ್, ಈ ಸರ್ಕ್ಯೂಟ್ ಬೇಡುವುದು 3. ಚಾರ್ಜ್ ಮಾಡುವ ವ್ಯವಸ್ಥೆಯೂ ಇಲ್ಲ, ಸೆಲ್‌ಗೆ ಕರೆಂಟ್ ಹೋಗಬಾರದು ಅಂತಲೇ ದಾರಿಯಲ್ಲಿ, ಕರೆಂಟ್ ಒಂದೇ ಕಡೆ ಬಿಡುವ ಡಯೋಡ್ ಇಟ್ಟಿರುತ್ತಾರೆ. ಹಾಗಾದರೆ ಡಯೋಡ್ ತೆಗೆಯಲಾ ಅಂತ ಮುಂದಿನ ಪತ್ರ ಬರೆಯಬೇಡಿ.

ಪ್ರಶ್ನೆ: ಒಳಗಿನ ಸೆಲ್ ಬಿಸಿಲಿಗೆ ಇಟ್ಟರೆ ಮತ್ತೆ ನಡೆಯುತ್ತದಂತೆ? — ಇಂಡಿ

ಉತ್ತರ: ಇಂಡಿ ಬಿಸಿಲಿಗೆ ನಿಂಬೆಹಣ್ಣು ಬೆಳೆಯುತ್ತದೆ, ಸೆಲ್ ಬೆಳೆಯುವುದಿಲ್ಲ.

ಪ್ರಶ್ನೆ: ಪೆನ್ಸಿಲ್ ಸೆಲ್ ಇಡುವ ಜಾಗದಲ್ಲಿ ಬಿಳಿ ಪುಡಿ ಕಟ್ಟಿದೆ. ಮಷಿನ್ ಸತ್ತಂತೆಯೇ? — ಇಳಕಲ್

ಉತ್ತರ: ಇಲ್ಲ. ಸೆಲ್ ಸೋರಿದೆ. ಅಲ್ಕಲೈನ್ ಸೆಲ್ ಆಗಿದ್ದರೆ ಕಿವಿಗೆ ಹಾಕುವ ಹತ್ತಿಕಡ್ಡಿಗೆ ಒಂದು ಹನಿ ನಿಂಬೆರಸ ಹಚ್ಚಿ ಒರೆಸಿ. ಹನಿ ಮಾತ್ರ, ಪಾನಕ ಮಾಡಬೇಡಿ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ. ಸ್ಪ್ರಿಂಗ್ ಹಸಿರು ಬಂದಿದ್ದರೆ ಸಣ್ಣ ಸ್ಯಾಂಡ್‌ಪೇಪರ್ ಸಾಕು. ಸೀಜನ್ ಮುಗಿದ ಮೇಲೆ ಪೆನ್ಸಿಲ್ ಸೆಲ್ ತೆಗೆದಿಡುವ ಬುದ್ಧಿ ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಒರೆಸುತ್ತೀರಿ.

ಪ್ರಶ್ನೆ: ಮನೆಯಲ್ಲಿ ಹಳೇ ಕ್ಯಾಸಿಯೋ ಅಡಾಪ್ಟರ್ ಇದೆ. ಪಿನ್ ಸರಿಯಾಗಿ ಕೂರುತ್ತದೆ. ಯಮಹಾಕ್ಕೆ ಹಾಕಲಾ? — ಗೋಕಾಕ

ಉತ್ತರ: ಹಾಕಬೇಡಿ. ಯಮಹಾದಲ್ಲಿ ಪಿನ್ನಿನ ಒಳಗೆ ಪ್ಲಸ್, ಹಳೇ ಕ್ಯಾಸಿಯೋದಲ್ಲಿ ಒಳಗೆ ಮೈನಸ್.

ಪ್ರಶ್ನೆ: ನನ್ನ ಹಳೇ ಸಿಂಥ್ ಒಳಗೆ ಉರುಟು ಸೆಲ್ ಇದೆ, 3.6 ವೋಲ್ಟ್ ಅಂತ ಬರೆದಿದೆ, ಸುತ್ತ ಹಸಿರು ಬಣ್ಣ ಇಳಿದಿದೆ. ಅಲ್ಲಿ ಸಿಆರ್2032 ಹಾಕಲಾ? — ಬೈಲಹೊಂಗಲ

ಉತ್ತರ: ಮೈಮೇಲೆ ನಿಕಲ್-ಕ್ಯಾಡ್ಮಿಯಂ ಅಂತ ಇದ್ದರೆ ಅದು ಚಾರ್ಜ್ ಆಗುವ ಸೆಲ್. ಮಷಿನ್ ಅದನ್ನು ಚಾರ್ಜ್ ಮಾಡುತ್ತದೆ. ಆ ಜಾಗಕ್ಕೆ ಸಿಆರ್2032 ಸುಮ್ನೆ ಹಾಕಿದರೆ ಚಾರ್ಜ್ ಆಗಬಾರದ ಸೆಲ್‌ಗೆ ಕರೆಂಟ್ ತುಂಬಿದಂತೆ. ಹಸಿರು ಇಳಿದಿದೆ ಅಂದರೆ ಟ್ರ್ಯಾಕ್ ತಿನ್ನುವುದು ಶುರುವಾಗಿದೆ. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಇವತ್ತೇ ಆ ಸೆಲ್ ಕತ್ತರಿಸಿ ತೆಗೆಸಿ, ಉಳಿದದ್ದು ಆಮೇಲೆ.

ಪ್ರಶ್ನೆ: ಕೊರಿಯರ್ ಮಾಡಿದರೆ ನೀವೇ ಮಾಡಿಕೊಡುತ್ತೀರಾ? — ಅನೇಕರು

ಉತ್ತರ: ಡಂಪ್ ಫೈಲ್ ನಿಮ್ಮ ಹತ್ತಿರ ಇದ್ದರೆ ಮಾಡಿಕೊಡುತ್ತೇನೆ. ಪೆನ್ಸಿಲ್ ಸೆಲ್ ತೆಗೆದು ಕಳಿಸಿ. ಗಣಪತಿ ಕೂತಿರುವ ದಿನಗಳಲ್ಲಿ ಕಳಿಸಬೇಡಿ, ಆಗ ನಾನೇ ಪೆಂಡಾಲ್‌ನಲ್ಲಿ ಇರುತ್ತೇನೆ.