ಸ್ವಿಚ್ ಕೆಂಪು ತೋರಿಸಿದರೆ ಪಿನ್ ಚುಚ್ಚಬೇಡಿ

ಮುಂಬೈ, ಪುಣೆ, ಗೋವಾ ಕಡೆಯ ಓದುಗರು ಕಳಿಸುವ ನೆಟ್‌ವರ್ಕ್ ಪ್ರಶ್ನೆಗಳಲ್ಲಿ ಒಂದು ಕಥೆ ಮತ್ತೆ ಮತ್ತೆ ಬರುತ್ತಿದೆ. ಕಂಪ್ಯೂಟರ್‌ಗಳನ್ನು ಜೋಡಿಸುವ ಸ್ವಿಚ್ ಪೆಟ್ಟಿಗೆಯ ಸಾಫ್ಟ್‌ವೇರ್‌ನಲ್ಲಿ ಏನೋ ಬದಲಿಸಿದೆ, ಪರದೆಯಿಂದ ಸ್ವಿಚ್ ಕಾಣೆಯಾಯಿತು, ಡೀಲರ್ ಬಂದು ಪಿನ್ ಚುಚ್ಚಿ ರೀಸೆಟ್ ಮಾಡಿದ, ಅಂದರೆ ಎಲ್ಲ ಸೆಟ್ಟಿಂಗ್ ಅಳಿಸಿದ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬದಲಿಸಿದವರ ಮೇಲಲ್ಲ, ರೀಸೆಟ್ ಮಾಡಿದವರ ಮೇಲೆ. ಅದಕ್ಕೇ ಈ ಸಲ ಹೆಚ್ಚಿನ ಜಾಗ ಈ ಒಂದೇ ಪ್ರಶ್ನೆಗೆ. ಐಪಿ ಅಡ್ರೆಸ್ ಅಂದರೇನು, ವಿಲ್ಯಾನ್ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ಜಾಲ) ಯಾಕೆ ಬೇಕು ಎಂಬುದನ್ನೆಲ್ಲ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಮ್ಯಾನೇಜ್ಡ್, ಅಂದರೆ ಸೆಟ್ಟಿಂಗ್ ಬದಲಿಸಬಹುದಾದ, ಸ್ವಿಚ್ ಕೊಂಡವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ಸರ್, ನಾನಿರುವುದು ಡೊಂಬಿವಲಿಯಲ್ಲಿ, ಆಫೀಸ್ ಫೋರ್ಟ್‌ನಲ್ಲಿ. ನೋಡುವುದು ಅಕೌಂಟ್ಸ್, ಆದರೆ ಕಂಪ್ಯೂಟರ್ ಕೆಲಸವೂ ನನ್ನ ತಲೆಗೇ ಬಂದಿದೆ. ಎರಡು ಮಹಡಿ, ಮೂರು ಮ್ಯಾನೇಜ್ಡ್ ಸ್ವಿಚ್. ಹೊಸ ಕ್ಯಾಮೆರಾಗಳಿಗೆ ಬೇರೆ ವಿಲ್ಯಾನ್ ಮಾಡಲು ರಾತ್ರಿ ಮನೆಯಿಂದ ವಿಪಿಎನ್ ಹಾಕಿ ಆಫೀಸ್ ಜಾಲಕ್ಕೆ ಸೇರಿ, ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ನಲ್ಲಿ ಟ್ರಂಕ್ ಪೋರ್ಟ್‌ಗೆ (ಸ್ವಿಚ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೋರ್ಟ್) ವಿಲ್ಯಾನ್ 30 ಹಾಕಿ ಅಪ್ಲೈ ಒತ್ತಿದೆ. ಮೇಲಿನ ಮಹಡಿಯ ಸ್ವಿಚ್ ಪರದೆಯಲ್ಲಿ ಕೆಂಪಾಯಿತು. ಬೆಳಿಗ್ಗೆ ಅಲ್ಲಿ ಯಾರಿಗೂ ಇಂಟರ್ನೆಟ್ ಇಲ್ಲ. ಡೀಲರ್ ಹುಡುಗ ಬಂದು ಪಿನ್ ಚುಚ್ಚಿ ರೀಸೆಟ್ ಮಾಡಿದ. 'ಸಾಫ್ಟ್‌ವೇರ್ ಸಹವಾಸವೇ ಬೇಡ, ಸ್ವಿಚ್ ಕೂಡ ಹಳೆಯದಾಗಿದೆ, ಬದಲಿಸಿ' ಅನ್ನುತ್ತಾನೆ. ನಿಜವೇ?

ಉತ್ತರ: ಎರಡೂ ಸುಳ್ಳು. ಸ್ವಿಚ್ ಚೆನ್ನಾಗಿದೆ, ಸಾಫ್ಟ್‌ವೇರ್ ಕೂಡ ನೀವು ಹೇಳಿದ್ದನ್ನೇ ಮಾಡಿದೆ.

ಟ್ರಂಕ್ ಪೋರ್ಟ್‌ನಲ್ಲಿ ಯಾವ ಯಾವ ವಿಲ್ಯಾನ್ ಹೋಗಬಹುದು ಎಂಬ ಪಟ್ಟಿ ಇರುತ್ತದೆ. ನೀವು ಬರೆದಿರುವುದನ್ನು ನೋಡಿದರೆ ಆ ಪಟ್ಟಿಗೆ 30 ಸೇರಲಿಲ್ಲ, ಪಟ್ಟಿಯೇ ಅಳಿದು 30 ಒಂದೇ ಉಳಿಯಿತು. ಸಿಸ್ಕೋ ಸ್ವಿಚ್‌ನಲ್ಲಿ ಕಮಾಂಡ್ ಹೊಡೆಯುವವರಿಗೆ ಈ ಅಪಾಯ ಚೆನ್ನಾಗಿ ಗೊತ್ತು. 'ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30' ಎಂದರೆ ಹಳೆಯದೆಲ್ಲ ಹೋಗುತ್ತದೆ. '30'ಕ್ಕಿಂತ ಮೊದಲು 'ಆ್ಯಡ್' ಎಂಬ ಪದ ಇದ್ದರೆ ಮಾತ್ರ ಇದ್ದುದರ ಜೊತೆಗೆ ಸೇರುತ್ತದೆ. ಎಷ್ಟೋ ಸಾಫ್ಟ್‌ವೇರ್‌ಗಳ ಪರದೆಯಲ್ಲಿ ಈ 'ಆ್ಯಡ್' ಕಾಣುವುದಿಲ್ಲ. ಅಲ್ಲಿರುವುದು ಟಿಕ್ ಹಾಕುವ ಚೌಕಗಳು. ಟಿಕ್ ಇಲ್ಲದ ವಿಲ್ಯಾನ್ ಹೊರಗೆ, ಅಷ್ಟೇ. ಟೆಂಪ್ಲೇಟ್ (ಮೊದಲೇ ಬರೆದಿಟ್ಟ ಸೆಟ್ಟಿಂಗ್ ಮಾದರಿ) ಬಳಸಿದರೆ ಇನ್ನೂ ಜೋಪಾನ ಬೇಕು, ಯಾಕೆಂದರೆ ಎಷ್ಟೋ ಸಲ ಟೆಂಪ್ಲೇಟ್‌ನಲ್ಲಿ ಇಲ್ಲದ್ದು ಸ್ವಿಚ್‌ನಲ್ಲೂ ಇಲ್ಲದಂತಾಗುತ್ತದೆ.

ಮೇಲಿನ ಮಹಡಿಯ ಜನರ ವಿಲ್ಯಾನ್ ಮತ್ತು ಆ ಸ್ವಿಚ್‌ನ ಮ್ಯಾನೇಜ್‌ಮೆಂಟ್ ವಿಲ್ಯಾನ್ (ಸ್ವಿಚ್‌ಗೆ ಲಾಗಿನ್ ಆಗುವ ದಾರಿ) ಎರಡೂ ಅದೇ ಟ್ರಂಕ್ ಮೇಲೆ ಹೋಗುತ್ತಿದ್ದವು. ಕೂತ ಕೊಂಬೆಯನ್ನೇ ಕಡಿದಂತಾಯಿತು. ಜನರ ಇಂಟರ್ನೆಟ್ ಹೋಯಿತು, ಸರಿಪಡಿಸಲು ನಿಮಗಿದ್ದ ದಾರಿಯೂ ಹೋಯಿತು.

ಕೆಂಪು ಬಣ್ಣದ ಬಗ್ಗೆ ಒಂದು ಮಾತು. ಸಾಫ್ಟ್‌ವೇರ್ ಕೆಲವು ನಿಮಿಷಕ್ಕೊಮ್ಮೆ ಸ್ವಿಚ್‌ಗೆ ಪಿಂಗ್ ಮಾಡುತ್ತದೆ (ಇದ್ದೀಯಾ ಎಂದು ಕೇಳುತ್ತದೆ), ಇಲ್ಲವೇ ಎಸ್‌ಎನ್‌ಎಂಪಿ (ಸಾಧನಗಳ ಸ್ಥಿತಿ ಕೇಳಿ ತಿಳಿಯುವ ವಿಧಾನ) ಮೂಲಕ ಯುಡಿಪಿ 161ನೇ ಪೋರ್ಟ್‌ನಲ್ಲಿ ಪ್ರಶ್ನೆ ಕೇಳುತ್ತದೆ. ಉತ್ತರ ಬರಲಿಲ್ಲ ಎಂದರೆ ಕೆಂಪು. ಸ್ವಿಚ್ ಸತ್ತಿದೆಯೋ, ದಾರಿ ಮುಚ್ಚಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ನೀವು ತಿಳಿದುಕೊಳ್ಳಬೇಕು. ಆ ಸ್ವಿಚ್‌ಗೆ ಸೇರಿದ ಕಂಪ್ಯೂಟರ್‌ಗಳು ಕೆಲಸ ಮಾಡುತ್ತಿವೆಯಾ ಅಂತ ಮೊದಲು ಕೇಳಿ. ಮಾಡುತ್ತಿದ್ದರೆ ತೊಂದರೆ ಇರುವುದು ಮ್ಯಾನೇಜ್‌ಮೆಂಟ್ ಕಡೆ: ಪಾಸ್‌ವರ್ಡ್ ಬದಲಾಗಿರಬಹುದು, ಐಪಿ ಇನ್ನೊಂದಕ್ಕೆ ತಗುಲಿರಬಹುದು. ಅವೂ ನಿಂತಿದ್ದರೆ ಕರೆಂಟ್, ಕೇಬಲ್, ಟ್ರಂಕ್ ನೋಡಿ. ಫೋನಿನಲ್ಲೇ ಮುಗಿಯುವ ಈ ವಿಚಾರಣೆಯನ್ನು ಮಾಡದೆ 'ಸ್ವಿಚ್ ಹೋಗಿದೆ' ಎನ್ನುವವನಿಗೆ ಸ್ವಿಚ್ ಮಾರಬೇಕಾಗಿದೆ.

ಈಗ ಪಿನ್ ವಿಷಯ. ಸ್ವಿಚ್‌ನಲ್ಲಿ ಸದ್ಯ ನಡೆಯುತ್ತಿರುವ ಕಾನ್ಫಿಗರೇಷನ್ (ಸೆಟ್ಟಿಂಗ್‌ಗಳ ಪಟ್ಟಿ) ಒಂದು, ಸೇವ್ ಆಗಿ ಕೂತಿರುವುದು ಇನ್ನೊಂದು. ಎಷ್ಟೋ ಮಾದರಿಗಳಲ್ಲಿ ಇವು ಬೇರೆ ಬೇರೆ. ನಿಮ್ಮ ಬದಲಾವಣೆ ಸೇವ್ ಆಗಿರದಿದ್ದರೆ ಕರೆಂಟ್ ತೆಗೆದು ಹಾಕಿದರೆ ಸಾಕಿತ್ತು, ಹಿಂದಿನ ದಿನದ ಸ್ಥಿತಿ ವಾಪಸ್ ಬರುತ್ತಿತ್ತು. ಕೆಲವು ಸಾಫ್ಟ್‌ವೇರ್‌ಗಳು ಅಪ್ಲೈ ಒತ್ತಿದ ಕೂಡಲೇ ಸೇವ್ ಮಾಡಿಬಿಡುತ್ತವೆ. ಹಾಗಾಗಿದ್ದರೂ ಸ್ವಿಚ್‌ಗೆ ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ ಇದೆಯಲ್ಲ. ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಟರ್ಮಿನಲ್ ತೆರೆದು, ಎಷ್ಟೋ ಮಾದರಿಗಳಲ್ಲಿ ವೇಗ 9600 ಇಟ್ಟು ಲಾಗಿನ್ ಆಗಿ ಟ್ರಂಕ್ ಪಟ್ಟಿಯನ್ನು ಮೊದಲಿನಂತೆ ಮಾಡಿದರೆ ಮುಗಿಯಿತು. ನೆಟ್‌ವರ್ಕ್ ಸತ್ತಿದ್ದರೂ ಕನ್ಸೋಲ್ ಬದುಕಿರುತ್ತದೆ, ಅದನ್ನು ಇಟ್ಟಿರುವುದೇ ಇದಕ್ಕಾಗಿ.

ರೀಸೆಟ್ ಮಾಡಿದ್ದರಿಂದ ಏನಾಯಿತು ನೋಡಿ. ವಿಲ್ಯಾನ್‌ಗಳು, ಪೋರ್ಟ್‌ಗಳ ಹೆಸರು, ಪಾಸ್‌ವರ್ಡ್, ಲೂಪ್ ತಡೆಯುವ ಸೆಟ್ಟಿಂಗ್ ಎಲ್ಲವೂ ಅಳಿದವು. ಎಲ್ಲ ಪೋರ್ಟ್ ಒಂದೇ ವಿಲ್ಯಾನ್‌ಗೆ ಬಂದವು. ಅಂದರೆ ನಿಮ್ಮ ಅಕೌಂಟ್ಸ್ ಕಂಪ್ಯೂಟರ್‌ಗಳು ಮತ್ತು ಹೊಸ ಕ್ಯಾಮೆರಾಗಳು ಈಗ ಒಂದೇ ಜಾಲದಲ್ಲಿ ಇರಬಹುದು. ಕಂಪನಿಯ ಡಿಫಾಲ್ಟ್ ಪಾಸ್‌ವರ್ಡ್ ಕೂಡ ವಾಪಸ್ ಬಂದಿರಬಹುದು, ಮತ್ತು ಅದು ಹುಡುಕಿದರೆ ಯಾರಿಗಾದರೂ ಸಿಗುತ್ತದೆ. ಇಂಟರ್ನೆಟ್ ಬಂತು ಎಂದು ಎಲ್ಲರೂ ಖುಷಿಪಟ್ಟಿರುತ್ತೀರಿ. ದಯವಿಟ್ಟು ಇವತ್ತೇ ಆ ಸ್ವಿಚ್‌ಗೆ ಲಾಗಿನ್ ಆಗಿ ಪಾಸ್‌ವರ್ಡ್ ಮತ್ತು ವಿಲ್ಯಾನ್ ನೋಡಿ. ಈ ಉತ್ತರದಲ್ಲಿ ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಮುಂದಿನ ಸಲ ಹೇಗೆ ಮಾಡಬೇಕು? ಮೊದಲು ಮೂರೂ ಸ್ವಿಚ್‌ಗಳ ಕಾನ್ಫಿಗರೇಷನ್ ಬ್ಯಾಕಪ್ ಇಳಿಸಿಕೊಳ್ಳಿ. ಅದು ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಇರಲಿ, ಸಾಫ್ಟ್‌ವೇರ್‌ನ ಒಳಗೆ ಮಾತ್ರ ಇದ್ದರೆ ಬೇಕಾದಾಗ ಕೈಗೆ ಸಿಗದೆ ಹೋಗಬಹುದು. ಆಮೇಲೆ ನೆರೆಯ ಸ್ವಿಚ್‌ಗಳ ಪಟ್ಟಿ ನೋಡಿ, ಎಲ್‌ಎಲ್‌ಡಿಪಿ ಎಂದು ಬರೆದಿರುತ್ತದೆ. ನೀವು ಮುಟ್ಟುತ್ತಿರುವ ಪೋರ್ಟ್ ಯಾವ ಸ್ವಿಚ್‌ಗೆ ಹೋಗುತ್ತದೆ ಎಂದು ಅದು ತೋರಿಸುತ್ತದೆ. ಆ ಪೋರ್ಟ್ ನೀವೇ ಒಳಗೆ ಬಂದಿರುವ ದಾರಿಯಾಗಿದ್ದರೆ ಕೈ ತಡೆಯಿರಿ.

ದಾರಿಯನ್ನೇ ಬದಲಿಸಬೇಕಾದಾಗ, ಉದಾಹರಣೆಗೆ ಮ್ಯಾನೇಜ್‌ಮೆಂಟ್ ವಿಲ್ಯಾನ್ ಬೇರೆ ಮಾಡುವಾಗ, ದೂರದ ಸ್ವಿಚ್ ಮೊದಲು, ಹತ್ತಿರದ್ದು ಆಮೇಲೆ. ತಿರುಗಿಸಿ ಮಾಡಿದರೆ ಹತ್ತಿರದ್ದು ಬದಲಾದ ಕ್ಷಣ ದೂರದ್ದು ಕೈಗೆಟುಕುವುದಿಲ್ಲ.

ವಾಪಸ್ ಬರುವ ಗಡುವು ಇಟ್ಟುಕೊಂಡೇ ಕೆಲಸ ಶುರು ಮಾಡಿ. ಸಿಸ್ಕೋದಲ್ಲಿ 'ರಿಲೋಡ್ ಇನ್ 10' ಎಂದು ಕೊಟ್ಟರೆ 10 ನಿಮಿಷದ ನಂತರ ಸ್ವಿಚ್ ತಾನೇ ರೀಸ್ಟಾರ್ಟ್ ಆಗಿ ಸೇವ್ ಆದ ಹಳೆಯ ಕಾನ್ಫಿಗರೇಷನ್‌ಗೆ ಮರಳುತ್ತದೆ. ಎಲ್ಲ ಸರಿಯಿದ್ದರೆ 'ರಿಲೋಡ್ ಕ್ಯಾನ್ಸಲ್' ಕೊಟ್ಟು ಆಮೇಲೆ ಸೇವ್ ಮಾಡಿ. ನಡುವೆ ಸೇವ್ ಮಾಡಿದರೆ ಈ ಉಪಾಯಕ್ಕೆ ಅರ್ಥವಿಲ್ಲ, ತಪ್ಪಾದದ್ದೇ ವಾಪಸ್ ಬರುತ್ತದೆ. ಜೂನಿಪರ್ ಕಂಪನಿಯ ಸ್ವಿಚ್‌ಗಳಲ್ಲಿ 'ಕಮಿಟ್ ಕನ್ಫರ್ಮ್ಡ್' ಇದೆ. ನೀವು ಮತ್ತೆ ಒಪ್ಪಿಗೆ ಕೊಡದಿದ್ದರೆ 10 ನಿಮಿಷದಲ್ಲಿ ಬದಲಾವಣೆಯನ್ನು ಅದೇ ಹಿಂದಕ್ಕೆ ತೆಗೆದುಕೊಳ್ಳುತ್ತದೆ, ರೀಸ್ಟಾರ್ಟ್ ಕೂಡ ಬೇಕಿಲ್ಲ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಹಿಂದಿನ ಸ್ಥಿತಿಗೆ ಮರಳಿಸುವ ರೋಲ್‌ಬ್ಯಾಕ್ ಎಂಬ ಆಯ್ಕೆ ಇದೆಯಾ ಎಂದು ಮೊದಲು ಹುಡುಕಿ. ಇಲ್ಲದಿದ್ದರೆ ಟ್ರಂಕ್ ಕೆಲಸವನ್ನು ಆಫೀಸಿನಲ್ಲಿ ರ‍್ಯಾಕ್ ಪಕ್ಕ ನಿಂತೇ ಮಾಡಿ.

ನಾನಂತೂ ಕಟ್ಟಡದೊಳಗೆ ಕನ್ಸೋಲ್ ಕೇಬಲ್ ಹಿಡಿದ ಒಬ್ಬರು ಇಲ್ಲದಿದ್ದರೆ ದೂರದಿಂದ ಟ್ರಂಕ್ ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. 'ಏನಾದರೂ ಆದರೆ ಬೆಳಿಗ್ಗೆ ಫಸ್ಟ್ ಲೋಕಲ್ ಹಿಡಿದು ಹೋಗ್ತೀನಿ' ಅನ್ನುವುದನ್ನು ನಾನು ತಯಾರಿ ಎಂದು ಒಪ್ಪುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು ಊರಿಗೆ ಊರೇ ನಿಂತಿತ್ತು. ಅಷ್ಟಾಗದಿದ್ದರೂ ಕುರ್ಲಾ, ಸಾಯನ್ ಹತ್ತಿರ ಹಳಿ ಮೇಲೆ ನೀರು ನಿಂತರೆ ಡೊಂಬಿವಲಿಯವರು ಫೋರ್ಟ್ ಮುಟ್ಟುವುದು ಯಾವಾಗ? ನೀವೇ ಹೇಳಿ.

ಇನ್ನು ಸಾಫ್ಟ್‌ವೇರ್ ಬೇಡ ಎಂಬ ಮಾತು. ಬೇಕು. ಯಾವ ಪೋರ್ಟ್‌ನಲ್ಲಿ ಎರರ್ ಏರುತ್ತಿದೆ, ಯಾವ ಅಪ್‌ಲಿಂಕ್ ತುಂಬಿದೆ, ಯಾರು ಯಾವಾಗ ಏನು ಬದಲಿಸಿದರು ಎಂಬುದೆಲ್ಲ ಅದಿಲ್ಲದೆ ಗೊತ್ತಾಗುವುದಿಲ್ಲ. ದುಡ್ಡಿಲ್ಲ ಎನ್ನುವವರಿಗೆ ಜ್ಯಾಬಿಕ್ಸ್, ಲಿಬ್ರೆಎನ್‌ಎಂಎಸ್‌ನಂಥವು ಪುಕ್ಕಟೆ ಸಿಗುತ್ತವೆ. ನೋಡುವುದಕ್ಕೆ ಅವು ಧಾರಾಳ ಸಾಕು. ಒಂದು ನಿಯಮ ಮಾತ್ರ ಪಾಲಿಸಿ. ಕಂಟ್ರೋಲರ್ (ಎಲ್ಲ ಸ್ವಿಚ್‌ಗಳ ಸೆಟ್ಟಿಂಗ್ ಒಂದೇ ಕಡೆಯಿಂದ ಬರೆಯುವ ಸಾಫ್ಟ್‌ವೇರ್) ಮೂಲಕ ನಡೆಸುವ ಸ್ವಿಚ್‌ಗೆ ನೇರವಾಗಿ ಲಾಗಿನ್ ಆಗಿ ಕೈಯಿಂದ ಬದಲಾಯಿಸಬೇಡಿ. ಹಲವು ಕಂಟ್ರೋಲರ್‌ಗಳು ಮುಂದಿನ ಸಲ ತಮ್ಮಲ್ಲಿರುವ ಸೆಟ್ಟಿಂಗ್‌ಗಳನ್ನೇ ಸ್ವಿಚ್ ಮೇಲೆ ಬರೆಯುತ್ತವೆ, ಕೈಯಿಂದ ಮಾಡಿದ್ದು ಸದ್ದಿಲ್ಲದೆ ಅಳಿಯುತ್ತದೆ. ಆಗ 'ತಾನಾಗೇ ಹೋಯ್ತು ಸರ್' ಎಂಬ ಪತ್ರ ನನಗೆ ಬರುತ್ತದೆ.

ಪ್ರಶ್ನೆ: ಪುಣೆಯ ನಮ್ಮ ಆಫೀಸಿನಲ್ಲಿ ರಾತ್ರಿ ಬ್ಯಾಕಪ್ ಹೋಗುವಾಗ ಒಂದು ಗಿಗಾಬಿಟ್ ಪೋರ್ಟ್ ಪೂರ್ತಿ ತುಂಬಿರುತ್ತದೆ. ಆದರೆ ಸಾಫ್ಟ್‌ವೇರ್ ಗ್ರಾಫ್ ತೀರಾ ಕಡಿಮೆ ತೋರಿಸುತ್ತದೆ. ಸ್ವಿಚ್ ಸುಳ್ಳು ಹೇಳುತ್ತಿದೆಯೇ?

ಉತ್ತರ: ನಿಮ್ಮ ಸಾಫ್ಟ್‌ವೇರ್ ಪೋರ್ಟ್‌ನಲ್ಲಿ ಹೋದ ಬೈಟ್‌ಗಳನ್ನು ಎಣಿಸುವ 32 ಬಿಟ್ ಕೌಂಟರ್ ಓದುತ್ತಿರಬೇಕು. ಪೂರ್ತಿ ಒಂದು ಗಿಗಾಬಿಟ್ ವೇಗದಲ್ಲಿ ಆ ಕೌಂಟರ್ ಸುಮಾರು 34 ಸೆಕೆಂಡಿಗೆ ತುಂಬಿ ಸೊನ್ನೆಗೆ ಮರಳುತ್ತದೆ. ಸಾಫ್ಟ್‌ವೇರ್ ಐದು ನಿಮಿಷಕ್ಕೊಮ್ಮೆ ಓದಿದರೆ ನಡುವೆ ಎಷ್ಟು ಸಲ ತಿರುಗಿತು ಎಂದು ಅದಕ್ಕೆ ತಿಳಿಯುವುದಿಲ್ಲ. 64 ಬಿಟ್ ಕೌಂಟರ್ ಆರಿಸಿ, ಹೆಸರಿನಲ್ಲಿ 'ಎಚ್‌ಸಿ' ಇರುತ್ತದೆ. ಎಸ್‌ಎನ್‌ಎಂಪಿಯ ಮೊದಲ ಆವೃತ್ತಿಯಲ್ಲಿ ಇದು ಸಿಗುವುದಿಲ್ಲ, ವಿ2ಸಿ ಅಥವಾ ವಿ3 ಬೇಕು. ಬ್ಯಾಂಡ್‌ವಿಡ್ತ್ ಜಾಸ್ತಿ ಮಾಡಬೇಕೋ ಬೇಡವೋ ಎಂದು ಈಗಿನ ಗ್ರಾಫ್ ನೋಡಿ ತೀರ್ಮಾನಿಸಬೇಡಿ.

ಪ್ರಶ್ನೆ: ಎಸ್‌ಎನ್‌ಎಂಪಿ ಪಾಸ್‌ವರ್ಡ್ 'ಪಬ್ಲಿಕ್' ಅಂತಲೇ ಇದೆ. ಒಳಗಿನ ಜಾಲ ತಾನೇ, ಇರಲಿ ಬಿಡಿ ಅಂದರು. ಇರಲೇ?

ಉತ್ತರ: ಬೇಡ. ಜೊತೆಗೆ ಬರೆಯುವ, ಅಂದರೆ ಸೆಟ್ಟಿಂಗ್ ಬದಲಿಸುವ, ಅಧಿಕಾರದ 'ಪ್ರೈವೇಟ್' ಎಂಬ ಪಾಸ್‌ವರ್ಡ್ ಕೂಡ ಹಾಗೇ ಉಳಿದಿದ್ದರೆ ನಿಮ್ಮ ವೈಫೈಗೆ ಬಂದ ಅತಿಥಿ ಕೂಡ ಪೋರ್ಟ್ ಆಫ್ ಮಾಡಬಲ್ಲ. ವಿ2ಸಿಯಲ್ಲಿ ಈ ಪದಗಳು ತಂತಿಯ ಮೇಲೆ ಬಿಚ್ಚಾಗಿಯೇ ಹೋಗುತ್ತವೆ. ವಿ3 ಹಾಕಿ, ಗುರುತು ಪರೀಕ್ಷೆ ಮತ್ತು ಗೂಢಲಿಪಿ ಎರಡನ್ನೂ ಆನ್ ಮಾಡಿ. ದೂರದಿಂದ ಲಾಗಿನ್ ಆಗಲು ಗೂಢಲಿಪಿಯಿಲ್ಲದ ಟೆಲ್ನೆಟ್ ಮುಚ್ಚಿ, ಗೂಢಲಿಪಿಯಿರುವ ಎಸ್‌ಎಸ್‌ಎಚ್ ಇಡಿ.

ಪ್ರಶ್ನೆ: ಠಾಣೆಯ ನಮ್ಮ ಸೊಸೈಟಿಯಲ್ಲಿ ಕೆಲವು ಕ್ಯಾಮೆರಾ ರಾತ್ರಿ ಮಾತ್ರ ಬಂದ್ ಆಗುತ್ತವೆ. ಹಗಲು ಸರಿ ಇರುತ್ತವೆ. ಕ್ಯಾಮೆರಾ ಬದಲಿಸಬೇಕೇ?

ಉತ್ತರ: ಬದಲಿಸುವ ಮೊದಲು ಸಾಫ್ಟ್‌ವೇರ್‌ನಲ್ಲಿ ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ ವ್ಯವಸ್ಥೆ) ಪುಟ ತೆರೆಯಿರಿ. ಕತ್ತಲಾದ ಮೇಲೆ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಹತ್ತಿ ಜಾಸ್ತಿ ಕರೆಂಟ್ ಎಳೆಯುತ್ತದೆ. 24 ಪೋರ್ಟ್‌ಗೂ 15.4 ವ್ಯಾಟ್‌ನಂತೆ ಕೊಡಬೇಕಾದರೆ ಸುಮಾರು 370 ವ್ಯಾಟ್ ಬೇಕು. ಎಷ್ಟೋ ಅಗ್ಗದ ಸ್ವಿಚ್‌ಗಳಲ್ಲಿ ಅಷ್ಟು ಇರುವುದಿಲ್ಲ. ಒಟ್ಟು ಬಜೆಟ್ ಎಷ್ಟು, ರಾತ್ರಿ ಎಂಟರ ಮೇಲೆ ಬಳಕೆ ಎಷ್ಟು ಎಂದು ನೋಡಿ. ಮೀರುತ್ತಿದ್ದರೆ ಕೆಲವು ಕ್ಯಾಮೆರಾಗಳನ್ನು ಇನ್ನೊಂದು ಸ್ವಿಚ್‌ಗೆ ಹಾಕಿ. ಮುಖ್ಯ ಗೇಟಿನ ಕ್ಯಾಮೆರಾಗೆ ಮೊದಲ ಆದ್ಯತೆ ಕೊಡುವ ಸೆಟ್ಟಿಂಗ್ ಕೂಡ ಅದೇ ಪುಟದಲ್ಲಿ ಇರುತ್ತದೆ.

ಪ್ರಶ್ನೆ: ಮಡಗಾಂವ್‌ನ ನಮ್ಮ ಹೋಟೆಲ್‌ಗೆ ಬರುವ ಟೆಕ್ನಿಷಿಯನ್ ವಾರಕ್ಕೊಮ್ಮೆ ಸ್ವಿಚ್ ರೀಸ್ಟಾರ್ಟ್ ಮಾಡಿದರೆ ಸ್ಪೀಡ್ ಬರುತ್ತದೆ ಅನ್ನುತ್ತಾರೆ. ಹೌದೇ?

ಉತ್ತರ: ಇಲ್ಲ. ಮೆಮೊರಿಯಲ್ಲಿದ್ದ ಲಾಗ್ (ಘಟನೆಗಳ ದಾಖಲೆ) ಮಾತ್ರ ಅಳಿದುಹೋಗುತ್ತದೆ, ಅಂದರೆ ತೊಂದರೆಯ ಸಾಕ್ಷಿ ನಾಶವಾಗುತ್ತದೆ.

ಪ್ರಶ್ನೆ: ನಮ್ಮ ಲಾಗ್‌ಗಳಲ್ಲಿ ತಾರೀಖು 1970 ಎಂದು ಬರುತ್ತದೆ. ಅದೇನೂ ಪರವಾಗಿಲ್ಲ ಅಲ್ವಾ?

ಉತ್ತರ: ಹಾಗೆ ಬಿಡುವಂತಿಲ್ಲ. ಸ್ವಿಚ್‌ಗೆ ಸಮಯ ಗೊತ್ತಿಲ್ಲ ಎಂದರ್ಥ. ಜಾಲದ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ಸೆಟ್ ಮಾಡಿ, ಲಾಗ್‌ಗಳನ್ನು ಕೂಡಿಡುವ ಹೊರಗಿನ ಸಿಸ್‌ಲಾಗ್ ಸರ್ವರ್‌ಗೆ ಕಳಿಸಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಕಂಪನಿಗಳು 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು, ಗಡಿಯಾರವನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿಸಬೇಕು. ಕಳ್ಳತನವೋ ವಂಚನೆಯೋ ಆಗಿ ಪೊಲೀಸರು ಬಂದ ದಿನ 1970ರ ಲಾಗ್ ತೋರಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ನಮ್ಮ ಅಂಗಡಿಯಲ್ಲಿರುವುದು ಎಂಟು ಪೋರ್ಟ್‌ನ ಸಾದಾ ಸ್ವಿಚ್, ಅನ್‌ಮ್ಯಾನೇಜ್ಡ್. ಯಾವ ಸಾಫ್ಟ್‌ವೇರ್ ಹಾಕಿದರೆ ಮ್ಯಾನೇಜ್ ಮಾಡಬಹುದು?

ಉತ್ತರ: ಯಾವುದೂ ಇಲ್ಲ. ಇದೆ ಎಂದು ಹೇಳಿ ದುಡ್ಡು ಕೇಳಿದವರಿಗೆ ಕೊಡಬೇಡಿ.