ಎಚ್ಚರಾಗೋದು ಒಂದು, ಎಚ್ಚರ ಇರೋದು ಇನ್ನೊಂದು

ನಮಸ್ಕಾರ. ಇಂಗ್ಲಿಷಿನ ‘ವೇಕ್’ ಪದದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೇ ಹಾಕಲು ಆಗುವುದಿಲ್ಲ. ಆದರೆ ಒಳಗೊಂದು ಒಳ್ಳೆಯ ಬರಹ ಅಡಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ವಾಕ್ಯ: ‘ವೇಕ್ ಎಂಬ ಕ್ರಿಯಾಪದವು ಬಹು ಆಯಾಮಗಳ ಅರ್ಥವ್ಯಾಪ್ತಿಯನ್ನು ಹೊಂದಿದೆ.’ ಹೊಡೆದು ಹಾಕಿ. ಆಮೇಲೆ ಮೂರು ಪುಟ ನಿಘಂಟು ಸುರಿದಿದ್ದೀರಿ. ಕೊನೆಯ ಪುಟದಲ್ಲಿ, ಸುಮ್ನೆ ಮಾತಿಗೆ ಬಂತು ಅಂತ, ನಿಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಕುರ್ಚಿಯಲ್ಲೇ ತೂಕಡಿಸಿ, ಹಾಲಿನವನ ಬೈಕಿನ ಸದ್ದಿಗೆ ದಡಬಡಿಸಿ ಎದ್ದು, ‘ಮಲಗಿರಲಿಲ್ಲ ಸಾರ್’ ಅಂದದ್ದನ್ನು ಬರೆದಿದ್ದೀರಿ. ಅಲ್ಲಿಂದಲೇ ಶುರು ಮಾಡಬೇಕಿತ್ತು ಅಲ್ವಾ?

ಯಾಕೆ ಅಂದರೆ ಆ ಪದದ ಕಥೆಯೆಲ್ಲ ಆ ಕುರ್ಚಿಯಲ್ಲೇ ಇದೆ. ಹಳೆಯ ಇಂಗ್ಲಿಷಿನಲ್ಲಿ ಎರಡು ಬೇರೆ ಕ್ರಿಯಾಪದಗಳಿದ್ದವು. ‘ವಕನ್’ ಅಂದರೆ ಎಚ್ಚರಾಗು. ಹುಟ್ಟು ಅನ್ನುವ ಅರ್ಥವೂ ಅದಕ್ಕಿತ್ತು. ‘ವಕಿಯನ್’ ಅಂದರೆ ನಿದ್ದೆಗೆಟ್ಟು ಕೂತಿರು, ಕಾವಲು ಕಾಯಿ. ಮುಂದೆ ಎರಡೂ ಬೆರೆತು ಒಂದೇ ‘ವೇಕ್’ ಆಯಿತು. ‘ವೋಕ್’, ‘ವೇಕ್ಡ್’ ಅಂತ ಎರಡೆರಡು ಭೂತಕಾಲ ಬಂದದ್ದು ಇದರಿಂದ. ‘ವಾಚ್’ ಕೂಡ ಇದೇ ಮನೆತನದ್ದು, ಅಂದರೆ ನಿಮ್ಮ ವಾಚ್‌ಮನ್ ಹೆಸರಿನಲ್ಲೇ ನಿದ್ದೆ ಬಿಟ್ಟವನು, ಪಾಪ. ಕನ್ನಡದಲ್ಲಿ ಈ ಗೊಂದಲ ಇಲ್ಲ. ‘ಎದ್ದ’ ಬೇರೆ, ‘ಎದ್ದಿದ್ದ’ ಬೇರೆ. ಶಿವರಾತ್ರಿ ಜಾಗರಣೆಯಲ್ಲಿ ಯಾರೂ ಏಳುವುದಿಲ್ಲ, ಎದ್ದೇ ಇರುತ್ತಾರೆ. ಇಷ್ಟು ಹೇಳಿದರೆ ಓದುಗರಿಗೆ ವಕಿಯನ್ ಅರ್ಥವಾಗಿಬಿಡುತ್ತದೆ, ನಿಘಂಟು ಬೇಡ.

ಈಗ ತಪ್ಪುಗಳು. ಐರ್ಲೆಂಡಿನಲ್ಲಿ ಸತ್ತವರ ಪಕ್ಕ ರಾತ್ರಿಯಿಡೀ ಕೂರುವುದಕ್ಕೂ ‘ವೇಕ್’ ಅನ್ನುತ್ತಾರೆ, ನಿಜ. ಆದರೆ ‘ಸತ್ತವರು ಎದ್ದರೂ ಏಳಬಹುದು ಎಂದು ಕಾಯುತ್ತಿದ್ದರು’ ಅಂತ ಬರೆದಿದ್ದೀರಲ್ಲ, ಅದು ವಾಟ್ಸಾಪ್ ಕಥೆ. ಎಚ್ಚರ ಇರುವವರು ಕೂತವರು, ಮಲಗಿದವರಲ್ಲ. ನಾವು ‘ಹೆಣ ಕಾಯೋದು’ ಅನ್ನುತ್ತೇವಲ್ಲ, ಅದೇ. ಹಡಗಿನ ಹಿಂದೆ ನೀರಿನಲ್ಲಿ ಉಳಿಯುವ ಜಾಡಿನ ‘ವೇಕ್’ ಬೇರೆಯೇ ಪದ, ಸ್ಕ್ಯಾಂಡಿನೇವಿಯಾ ಕಡೆಯ ಮಾತು. ಅಲ್ಲಿ ಅದಕ್ಕೆ ಹೆಪ್ಪುಗಟ್ಟಿದ ನೀರಿನಲ್ಲಿರುವ ತೂತು ಅನ್ನುವ ಅರ್ಥ. ‘ಜಾಗರಣೆ’ಯನ್ನೂ ‘ವೇಕ್’ ಜೊತೆ ಒಂದೇ ಬೇರಿಗೆ ಕಟ್ಟಿದ್ದೀರಿ. ಅದರ ನೆಂಟಸ್ತಿಕೆ ಗ್ರೀಕಿನ ಜೊತೆ. ಗ್ರೆಗರಿ ಅನ್ನುವ ಹೆಸರು ಅದರ ದಾಯಾದಿ, ಅರ್ಥ ‘ಎಚ್ಚರ ಇರುವವನು’. ಬೇಕಾದರೆ ಇದನ್ನು ಹಾಕಿಕೊಳ್ಳಿ, ಚೆನ್ನಾಗಿರುತ್ತದೆ.

‘ವೋಕ್’, ಅಂದರೆ ಸಮಾಜದ ಅನ್ಯಾಯ, ತಾರತಮ್ಯದ ಬಗ್ಗೆ ಎಚ್ಚರ ಇರುವವರು ಅನ್ನುವ ಈಗಿನ ಅರ್ಥದ ರಾಜಕೀಯಕ್ಕೆ ಒಂದೂವರೆ ಪುಟ ಜಾಸ್ತಿಯಾಯಿತು, ಅದರಲ್ಲೂ ಬರೀ ಈಗಿನ ಜಗಳ. ಅಮೆರಿಕದ ಕಪ್ಪು ಜನರ ಆಡುಮಾತಿನಿಂದ ಬಂದದ್ದು, 1962ರಲ್ಲೇ ನ್ಯೂಯಾರ್ಕ್ ಟೈಮ್ಸ್‌ನ ಒಂದು ಲೇಖನದ ತಲೆಬರಹದಲ್ಲಿತ್ತು, ಆಕ್ಸ್‌ಫರ್ಡ್ ನಿಘಂಟು ಈ ಅರ್ಥ ಸೇರಿಸಿದ್ದು 2017ರಲ್ಲಿ. ಮೂರು ಸಾಲು ಸಾಕು. ಆದರೆ ಒಂದು ತಮಾಷೆ ನಿಮ್ಮ ಕಣ್ಣು ತಪ್ಪಿದೆ: ರೂಪ ‘ಎದ್ದ’ನದ್ದು, ಅರ್ಥ ‘ಎದ್ದಿದ್ದ’ನದ್ದು.

ಆರುನೂರು ಪದದೊಳಗೆ ಮತ್ತೆ ಬರೆದು ಕಳಿಸಿ. ಹಾಂ, ‘ಮಲಗಿರಲಿಲ್ಲ ಸಾರ್’ ಅಂದದ್ದಕ್ಕೆ ನೀವು ಏನು ಅಂದಿರಿ ಅಂತ ಬರೆದೇ ಇಲ್ಲ. ಅದು ಬೇಕು.