ಹುಲ್ಲುಹಾಸು ಕತ್ತರಿಸಲು ಪೆಟ್ರೋಲ್ ಯಂತ್ರವೋ, ವಿದ್ಯುತ್ ಯಂತ್ರವೋ?

ಮನೆಯ ಹಿಂದೆ ಸುಮಾರು 400 ಚದರ ಮೀಟರ್ ಹುಲ್ಲುಹಾಸು, ಒಂದು ಬದಿ ಇಳಿಜಾರು, ನಡುವೆ ಮೂರು ಮರ, ಹಳೆಯ ಯಂತ್ರ ಮೂಲೆ ಸೇರಿದೆ, ಈಗ ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀರಿ. ಹುಲ್ಲು ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ ಕತ್ತರಿಸುವವರು ನೀವಾದರೆ ಬ್ಯಾಟರಿಯದನ್ನೇ ಕೊಳ್ಳಿ. ತಿಂಗಳಿಗೊಮ್ಮೆ ಮಾತ್ರ ಬಿಡುವು ಸಿಗುವುದಾದರೆ ಪೆಟ್ರೋಲ್ ಯಂತ್ರ ತೆಗೆದುಕೊಳ್ಳಿ.

ಸಾಮಾನ್ಯವಾಗಿ ಎಲ್ಲರೂ ಜಾಗದ ಅಳತೆ ನೋಡಿ ಯಂತ್ರ ಆರಿಸುತ್ತಾರೆ. ಎರಡೂ ಬಗೆಯವನ್ನು ವರ್ಷಗಟ್ಟಲೆ ತಳ್ಳಿದ ನನಗೆ ಖಾತ್ರಿಯಾಗಿರುವುದು ಬೇರೆ: ಯಂತ್ರವನ್ನು ಹೊರತೆಗೆಯುವ ಹೊತ್ತಿಗೆ ಹುಲ್ಲು ಎಷ್ಟು ಎತ್ತರ ಬಂದಿರುತ್ತದೆ ಎಂಬುದನ್ನು ಮೊದಲು ನೋಡಬೇಕು. ಒಂದು ಸಲಕ್ಕೆ ಎಸಳಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು ಎಂಬ ನಿಯಮವನ್ನು ಪಾಲಿಸಿದರೆ ಬ್ಲೇಡಿನ ಕೆಲಸ ಹಗುರ, ಬ್ಯಾಟರಿಯ ಶಕ್ತಿ ಧಾರಾಳವಾಗಿ ಸಾಕು. ಮೊಣಕಾಲುದ್ದ ಬೆಳೆದು ಬುಡದಲ್ಲಿ ತೇವ ಹಿಡಿದ ಹುಲ್ಲಿಗೆ ಅದನ್ನೇ ನುಗ್ಗಿಸಿದರೆ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ, ಕಡೆಗೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಂತುಬಿಡುತ್ತದೆ.

ಬ್ಯಾಟರಿ ಆರಿಸುವಾಗ ವೋಲ್ಟೇಜ್ ನೋಡಿ ಮರುಳಾಗಬೇಡಿ. 40 ವೋಲ್ಟ್ ಎಂದು ಬರೆದದ್ದೂ 36 ವೋಲ್ಟ್ ಎಂದು ಬರೆದದ್ದೂ ಸಾಮಾನ್ಯವಾಗಿ ಒಂದೇ. ಎರಡರಲ್ಲೂ ಸಾಲಾಗಿ ಜೋಡಿಸಿದ 10 ಲಿಥಿಯಂ ಸೆಲ್‌ಗಳಿರುತ್ತವೆ. ಒಬ್ಬರು ಪೂರ್ತಿ ಚಾರ್ಜ್ ಆದಾಗಿನ ಅಂಕಿಯನ್ನು ಹೇಳುತ್ತಾರೆ, ಇನ್ನೊಬ್ಬರು ಬಳಕೆಯಲ್ಲಿನ ಸರಾಸರಿಯನ್ನು. ನಿಜವಾದ ಅಳತೆ ವಾಟ್-ಗಂಟೆ, ಅಂದರೆ ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ತುಂಬಿದೆ ಎಂಬ ಲೆಕ್ಕ; ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಅದು ಸಿಗುತ್ತದೆ. 36 ವೋಲ್ಟಿನ, 5 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 180 ವಾಟ್-ಗಂಟೆ ಇರುತ್ತದೆ. ಮೋಟಾರು ಸರಾಸರಿ 350 ವಾಟ್ ಎಳೆದರೆ ಅದು ಸುಮಾರು ಅರ್ಧ ಗಂಟೆ ನಡೆಯುತ್ತದೆ. 40 ಸೆಂಟಿಮೀಟರ್ ಅಗಲದ ಯಂತ್ರವನ್ನು ಸಾಧಾರಣ ನಡಿಗೆಯಲ್ಲಿ ತಳ್ಳಿದರೆ ನಿಮ್ಮ ಜಾಗಕ್ಕೂ, ತಿರುವುಗಳನ್ನು ಸೇರಿಸಿ, ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಆದ್ದರಿಂದ ಒಂದೇ ಬ್ಯಾಟರಿಯನ್ನು ನೆಚ್ಚಿಕೊಳ್ಳಬೇಡಿ, ಎರಡು ಇರಲಿ. ವರ್ಷಗಳು ಕಳೆದಂತೆ ಅದರ ಸಾಮರ್ಥ್ಯ ಕುಗ್ಗುತ್ತದೆ, ಹೊಸದಕ್ಕೆ ದುಡ್ಡೂ ಸಾಕಷ್ಟು ಬೇಕು. ಕೆಲಸ ಮುಗಿದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕದೆ ತಣ್ಣಗಾಗಲು ಬಿಡಿ; ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಒಣ ಜಾಗದಲ್ಲಿಡಿ.

ವೈರಿನ ಯಂತ್ರ ನಿಮಗೆ ಬೇಡ. ಮೂರು ಮರಗಳ ಸುತ್ತ ವೈರು ಸಿಕ್ಕಿಕೊಳ್ಳುತ್ತದೆ, ಬ್ಲೇಡಿಗೆ ಸಿಗುವ ಭಯ ಬೇರೆ. ಚಿಕ್ಕ ಸಮತಟ್ಟಾದ ಅಂಗಳಕ್ಕಾದರೆ ಅದೇ ಹಗುರ, ಅದೇ ಅಗ್ಗ.

ಪೆಟ್ರೋಲ್ ಎಂಜಿನ್ನಿನ ಬಲದ ಬಗ್ಗೆ ನನಗೆ ಗೌರವವಿದೆ. ದಟ್ಟ ಹುಲ್ಲಿನಲ್ಲಿ ಅದು ದನಿ ತಗ್ಗಿಸಿ, ಒಂದು ಕ್ಷಣ ತಿಣುಕಿ, ಮತ್ತೆ ವೇಗ ಹಿಡಿಯುತ್ತದೆ. ಇಂಧನ ಮುಗಿದರೆ ಎಂಜಿನ್ ತಣ್ಣಗಾಗುವವರೆಗೆ ಕಾದು ಮತ್ತೆ ತುಂಬಿಸಿದರಾಯಿತು. ತೊಂದರೆ ಶುರುವಾಗುವುದು ಅದು ಸುಮ್ಮನೆ ನಿಂತಾಗ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತಿಂಗಳು ಕಳೆದರೆ ಹಳಸತೊಡಗುತ್ತದೆ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಕಾರ್ಬುರೇಟರ್; ಹಾಗೆ ಬಿಟ್ಟದ್ದನ್ನು ಬಿಚ್ಚಿದರೆ ತಳದ ಬಟ್ಟಲಿನಲ್ಲಿ ಕಂದುಬಣ್ಣದ ಅಂಟು ಮೆತ್ತಿರುತ್ತದೆ, ಇಂಧನ ಹಾಯುವ ಜೆಟ್ಟಿನ ರಂಧ್ರ ಕಟ್ಟಿಕೊಂಡಿರುತ್ತದೆ. ಹಗ್ಗ ಎಷ್ಟು ಎಳೆದರೂ ಎಂಜಿನ್ ಹೊತ್ತಿಕೊಳ್ಳದಿರಲು ಬಹಳ ಸಲ ಇದೇ ಕಾರಣ. ನಿಮ್ಮ ಹಳೆಯ ಯಂತ್ರ ಪೆಟ್ರೋಲಿನದಾಗಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಕಾರ್ಬುರೇಟರ್ ತೊಳೆಸಿ ನೋಡಿ, ಹೊಸದನ್ನು ಕೊಳ್ಳುವ ಖರ್ಚೇ ಉಳಿಯಬಹುದು.

ಹಾಗಾಗಿ ಪೆಟ್ರೋಲ್ ಆರಿಸಿದರೆ, ಹುಲ್ಲಿನ ಕಾಲ ಮುಗಿದಾಗ ಟ್ಯಾಂಕ್ ಬರಿದು ಮಾಡಿಡುವುದು ಕಡ್ಡಾಯ. ಎಂಜಿನ್ ಆಯಿಲನ್ನು ಮೊದಲ 5 ಗಂಟೆಗಳ ಬಳಕೆಯ ನಂತರ, ಆಮೇಲೆ ಸುಮಾರು 50 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಬದಲಿಸಬೇಕು; ನಿಮ್ಮ ಮಾದರಿಯ ಕೈಪಿಡಿ ಬೇರೆ ಹೇಳಿದರೆ ಅದರಂತೆ ನಡೆಯಿರಿ. ಅಡಿಭಾಗ ತೊಳೆಯಲು ವಾಲಿಸುವಾಗ ಏರ್ ಫಿಲ್ಟರ್ ಮೇಲ್ಮುಖವಾಗಿರಲಿ, ಇಲ್ಲವಾದರೆ ಆಯಿಲ್ ಅದರೊಳಗೆ ಇಳಿಯುತ್ತದೆ. ಸದ್ದಿನ ಮಾತೂ ಇದೆ. ಕಿವಿಯ ಬಳಿ 90 ಡೆಸಿಬಲ್ ಮೀರುವ ಯಂತ್ರವನ್ನು ಕಿವಿಗೆ ರಕ್ಷಣೆಯಿಲ್ಲದೆ ತಳ್ಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಬ್ಯಾಟರಿಯದು ಎಷ್ಟೋ ಮೆತ್ತಗೆ, ಹೊಗೆಯಂತೂ ಇಲ್ಲ.

ಯಾವುದನ್ನೇ ಕೊಂಡರೂ ಬ್ಲೇಡ್ ಹರಿತವಾಗಿರಲಿ. ಮೊಂಡು ಬ್ಲೇಡ್ ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಒಂದೆರಡು ದಿನದಲ್ಲಿ ತುದಿಗಳು ನಾರುನಾರಾಗಿ ಒಣಗಿ ಇಡೀ ಹಾಸು ಕಳೆಗುಂದುತ್ತದೆ. ಬ್ಲೇಡಿಗೆ ಕೈ ಹಾಕುವ ಮೊದಲು ಬ್ಯಾಟರಿಯನ್ನು ತೆಗೆದಿಡಿ, ಪೆಟ್ರೋಲ್ ಆದರೆ ಸ್ಪಾರ್ಕ್ ಪ್ಲಗ್ಗಿನ ವೈರು ಕಳಚಿ. ಇದನ್ನು ಒಮ್ಮೆಯೂ ಮರೆಯಬೇಡಿ.

ಇನ್ನು ಆ ಇಳಿಜಾರು. ಅಲ್ಲಿ ಮೇಲೆ ಕೆಳಗೆ ಹೋಗದೆ ಅಡ್ಡಡ್ಡವಾಗಿ ತಳ್ಳಬೇಕು, ಹುಲ್ಲು ಒದ್ದೆಯಿದ್ದ ದಿನ ಅತ್ತ ಹೋಗಲೇಬಾರದು. ಕಡಿದಾದ ಜಾಗದಲ್ಲಿ ಪೆಟ್ರೋಲ್ ಎಂಜಿನ್ನಿನ ಆಯಿಲ್ ಒಂದು ಪಕ್ಕಕ್ಕೆ ಸರಿದು ಒಳಭಾಗಗಳಿಗೆ ಸರಿಯಾಗಿ ತಲುಪದೇ ಹೋಗಬಹುದು. ವಿದ್ಯುತ್ ಮೋಟಾರಿಗೆ ಆ ಚಿಂತೆಯಿಲ್ಲ. ಅಂಗಡಿಯಲ್ಲಿ ಯಂತ್ರವನ್ನು ಬರೀ ನೋಡದೆ, ಬ್ಯಾಟರಿ ಹಾಕಿಸಿ ಹಿಡಿಕೆ ಹಿಡಿದು ಓರೆಯಾಗಿ ತಳ್ಳಿ ನೋಡಿ. ತೋಳು ಸೋಲುವಂತಿದ್ದರೆ, ಚಕ್ರಗಳನ್ನೂ ಮೋಟಾರೇ ತಿರುಗಿಸುವ ಮಾದರಿಯನ್ನು ಕೇಳಿ.